ದನಿ ಕೊಟ್ಟು ಕಾಲು ಕೊಂಡವಳು

ಕಾರ್ಟೂನ್ ಸಿನಿಮಾವೊಂದರ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಸಂಪಾದಕ ಮಿತ್ರರ ಮುಖ ಹುಳ್ಳಗಾಯಿತು. ಈ ಸಂಚಿಕೆಗೆ ಅಡಿಗರ ಕಾವ್ಯದ ಮೇಲೊಂದು, ಕಾರಂತರ ಕಾದಂಬರಿಗಳ ಮೇಲೊಂದು ಲೇಖನ ಆಗಲೇ ಬಂದು ಕೂತಿವೆಯಂತೆ. ಅವುಗಳ ನಡುವೆ ಮೀನಿನ ಬಾಲದ ಹುಡುಗಿಯನ್ನು ಎಲ್ಲಿ ಕೂರಿಸುವುದು? "ಅದು ಸಣ್ಣ ಮಕ್ಕಳ ಪಿಕ್ಚರ್ ಅಲ್ಲವೇನಯ್ಯ?" ಎಂದರು. ಸಣ್ಣ ಮಕ್ಕಳದ್ದೇ, ಒಪ್ಪಿದೆ. ಆದರೆ ಆ ಸಣ್ಣ ಮಕ್ಕಳ ಪಿಕ್ಚರ್ ನೋಡಿ ಆರು ಜನ ದೊಡ್ಡವರು ಒಂದು ಭಾನುವಾರವಿಡೀ ಕಿತ್ತಾಡಿದ್ದಾರೆ. ಅವರಲ್ಲಿ ಇಬ್ಬರು ಇವತ್ತಿಗೂ ಲೈಬ್ರರಿಯಲ್ಲಿ ಎದುರಾದರೆ ಕಪಾಟಿನ ಕಡೆ ಮುಖ ತಿರುಗಿಸುತ್ತಾರೆ. ಅಡಿಗರ ಮೇಲೆ ಇಷ್ಟು ಬಿಸಿ ಚರ್ಚೆ ನಾನು ಸಂಘ ಸೇರಿದ ಮೇಲೆ ಒಂದು ಸಲವೂ ಆಗಿಲ್ಲ. (ಈ ವಾಕ್ಯವನ್ನು ಹೊಡೆದುಹಾಕದೆ ಬಿಟ್ಟರೆ ಅದು ಸಂಪಾದಕರ ದೊಡ್ಡತನ.)

ಸಿನಿಮಾದ ಹೆಸರು 'ದಿ ಲಿಟ್ಲ್ ಮರ್ಮೇಡ್'. 1989ರ ನವೆಂಬರಿನಲ್ಲಿ ಡಿಸ್ನಿಯವರು ತೆರೆಗೆ ತಂದದ್ದು. ನಿರ್ದೇಶಕರು ರಾನ್ ಕ್ಲೆಮೆಂಟ್ಸ್ ಮತ್ತು ಜಾನ್ ಮಸ್ಕರ್, ಸಂಗೀತ ಅಲನ್ ಮೆಂಕನ್, ಹಾಡು ಬರೆದವನು ಹೊವರ್ಡ್ ಆಶ್ಮನ್. 1959ರ 'ಸ್ಲೀಪಿಂಗ್ ಬ್ಯೂಟಿ' ಆದ ಮೇಲೆ ಮೂವತ್ತು ವರ್ಷ ಆ ಕಂಪನಿ ಒಂದೂ ಕಿನ್ನರ ಕಥೆಯ ಚಿತ್ರ ಮಾಡಿರಲಿಲ್ಲ. ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದ ಬಣ್ಣ ತುಂಬಿ ತೆಗೆದ ಅವರ ದೊಡ್ಡ ಚಿತ್ರಗಳ ಸಾಲಿನಲ್ಲಿ ಇದೇ ಕೊನೆಯದು. ಮುಂದೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು. ಸಮುದ್ರದೊಳಗಿನ ಆ ನೀಲಿ, ಏಳುವ ಗುಳ್ಳೆಗಳು, ಹುಡುಗಿಯ ಕೆಂಪು ಕೂದಲು ನೀರಿನಲ್ಲಿ ತೇಲುವ ರೀತಿ, ಇವನ್ನೆಲ್ಲ ನೋಡುವಾಗ ಎಷ್ಟು ಜನರ ಬೆನ್ನು ಬಗ್ಗಿರಬೇಕು ಅನಿಸುತ್ತದೆ.

ನೋಡಿದ್ದು ಡೊಂಬಿವಲಿಯ ನಮ್ಮ ಮನೆಯಲ್ಲಿ. ಗೆಳೆಯರಲ್ಲೊಬ್ಬ 2023ರಲ್ಲಿ ಬಂದ ಹೊಸ ಚಿತ್ರವನ್ನು (ಅದು ಕಾರ್ಟೂನಲ್ಲ, ನಿಜವಾದ ನಟ ನಟಿಯರದು) ನೋಡಿದ್ದ. ಹಳೆಯದೇ ಮೇಲು ಎಂದು ಯಾರೋ ಹೇಳಿದರಂತೆ. ಪರೀಕ್ಷಿಸೋಣ ಎಂದು ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ ಕೂತೆವು. ಅವ್ವ ಒಳಗೆ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ನಡುನಡುವೆ ಬಾಗಿಲ ಹತ್ತಿರ ಬಂದು ನಿಂತು ನೋಡುತ್ತಿದ್ದಳು. ಅವ್ವನ ಮಾತು ಆಮೇಲೆ ಬರುತ್ತದೆ.

ನೋಡದವರಿಗಾಗಿ ಕಥೆ ಇಷ್ಟು: ಸಮುದ್ರರಾಜನ ಕಿರಿಮಗಳು ಏರಿಯಲ್. ಮೇಲಿನ ಮನುಷ್ಯ ಲೋಕದ ಹುಚ್ಚು ಅವಳಿಗೆ. ಮುಳುಗಿದ ಹಡಗುಗಳಿಂದ ಚಮಚ, ಗಡಿಯಾರ, ಬಾಟಲಿ ತಂದು ಗುಹೆಯೊಂದರಲ್ಲಿ ಕೂಡಿಡುತ್ತಾಳೆ. ಬಿರುಗಾಳಿಯಲ್ಲಿ ಮುಳುಗುತ್ತಿದ್ದ ರಾಜಕುಮಾರನನ್ನು ಉಳಿಸುತ್ತಾಳೆ. ಅಪ್ಪ ಸಿಟ್ಟಿನಲ್ಲಿ ಅವಳ ಗುಹೆಯನ್ನು ಪುಡಿಮಾಡುತ್ತಾನೆ. ಅವಳು ಊರ್ಸುಲಾ ಎಂಬ ಮಾಟಗಾತಿಯ ಹತ್ತಿರ ಹೋಗಿ ಕರಾರಿಗೆ ಸಹಿ ಹಾಕುತ್ತಾಳೆ: ಮೂರು ದಿನಕ್ಕೆ ಕಾಲು, ಬದಲಿಗೆ ದನಿ. ಮೂರನೆಯ ದಿನ ಸೂರ್ಯ ಮುಳುಗುವುದರೊಳಗೆ ರಾಜಕುಮಾರ ಪ್ರೀತಿಯಿಂದ ಮುತ್ತು ಕೊಡದಿದ್ದರೆ ಅವಳು ಮಾಟಗಾತಿಯ ಸೊತ್ತು. ಕೊನೆಗೆ ಎಲ್ಲ ಸುಖಾಂತ.

ಚಿತ್ರ ಮುಗಿದು ಹೆಸರುಗಳು ಬರುತ್ತಿರುವಾಗಲೇ ಉಡುಪಿ ಕಡೆಯ ನಮ್ಮ ಗೆಳತಿ ಶುರುಮಾಡಿದಳು. "ಎಂತ ಕಥೆ ಮಾರಾಯ ಇದು! ಹದಿನಾರು ವರ್ಷದ ಹುಡುಗಿ, ಒಂದು ಸಲ ನೋಡಿದ ಹುಡುಗನಿಗೆ ಬೇಕಾಗಿ ಸ್ವರವನ್ನೇ ಕೊಟ್ಟದ್ದು! ನನ್ನ ತಂಗಿಗೆ ನಾನಿದನ್ನು ತೋರಿಸ್ಲಿಕ್ಕಿಲ್ಲ." ಈ ಮಾತು ಅವಳೊಬ್ಬಳದ್ದಲ್ಲ. 1990ರ ದಶಕದಿಂದಲೂ ಅಮೆರಿಕದ ಸ್ತ್ರೀವಾದಿ ವಿಮರ್ಶಕಿಯರು ಈ ಚಿತ್ರವನ್ನು ಇದೇ ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಕೀರಾ ನೈಟ್ಲಿ ಎಂಬ ಬ್ರಿಟಿಷ್ ನಟಿ 2018ರಲ್ಲಿ ಟಿವಿ ಸಂದರ್ಶನವೊಂದರಲ್ಲಿ, ತನಗೆ ಈ ಚಿತ್ರ ಇಷ್ಟವೇ ಆದರೂ ಮಗಳಿಗೆ ತೋರಿಸುವುದಿಲ್ಲ, ಗಂಡಸಿಗಾಗಿ ದನಿ ಬಿಟ್ಟುಕೊಡುವುದನ್ನು ಮಗು ಕಲಿಯಬಾರದು ಎಂದಿದ್ದಳು. ಇದನ್ನು ಹೇಳಿದಾಗ ಉಡುಪಿಯ ಗೆಳತಿಗೆ ಖುಷಿಯಾಯಿತು. ತನ್ನ ಪಕ್ಷಕ್ಕೆ ಒಬ್ಬ ಸಿನಿಮಾ ನಟಿ ಸಿಕ್ಕಿದಳಲ್ಲ!

ಎದುರು ಪಕ್ಷಕ್ಕೆ ವಿಜಾಪುರದ ಗೆಳೆಯ. ಕುರ್ಚಿಯ ಮೇಲೆ ಒಂದು ಕಾಲು ಮಡಚಿ ಕೂತವನು ಥಟ್ಟನೆ ಇಳಿದ. "ಏ, ನೀ ಪಿಕ್ಚರ್ ನೋಡಿಯೋ ಇಲ್ಲೋ? ಆ ಹುಡುಗ ಬರೋಕಿಂತ ಮೊದಲ ಆಕಿ ಗುಹಾದಾಗ ಕುಂತು ಹಾಡ್ಯಾಳ. ಮ್ಯಾಲೆ ಹೋಗಬೇಕು ಅಂದಾಳ. ಹುಡುಗನ ಸಲುವಾಗಿ ಹ್ಯಾಂಗಾತು ಅದು?"

ಅವನ ಮಾತು ಸರಿ, ಮತ್ತು ಇದು ಸಣ್ಣ ವಿಷಯವಲ್ಲ. ಚಿತ್ರದ ಮೊದಲ ಭಾಗದಲ್ಲಿ ಏರಿಯಲ್ ಹಾಡುವ ಹಾಡು ಮನುಷ್ಯ ಲೋಕದ ಹಂಬಲದ್ದು. ನಡೆಯುವುದು, ಕುಣಿಯುವುದು, ಬಿಸಿಲಿನಲ್ಲಿ ಅಲೆಯುವುದು, ಬೆಂಕಿ ಎಂದರೇನು ಎಂದು ಕೇಳುವುದು. ಅದರಲ್ಲಿ ಗಂಡಸಿನ ಸುಳಿವೇ ಇಲ್ಲ. ಅಲ್ಲಿಯವರೆಗೆ ಅವಳು ರಾಜಕುಮಾರನನ್ನು ಕಂಡೇ ಇಲ್ಲ. ಸಿನಿಮಾ ನೋಡಿದವರಲ್ಲಿ ಎಷ್ಟೋ ಜನ ಈ ಕ್ರಮವನ್ನು ಮರೆತುಬಿಡುತ್ತಾರೆ. ನೆನಪಿನಲ್ಲಿ ಹುಡುಗ ಮೊದಲು ಬರುತ್ತಾನೆ, ಹಾಡು ಆಮೇಲೆ. ಅಮೆರಿಕದ ದೊಡ್ಡ ವಿಮರ್ಶಕ ರೋಜರ್ ಈಬರ್ಟ್ ಮಾತ್ರ ಚಿತ್ರ ಬಂದಾಗಲೇ ಇವಳು ತನ್ನ ತಲೆಯಿಂದ ಯೋಚಿಸುವ ಪೂರ್ಣ ಪಾತ್ರ ಎಂದು ಗುರುತಿಸಿ ಹೊಗಳಿದ್ದ.

ಈ ಹಾಡಿಗೇ ಕತ್ತರಿ ಬೀಳಲಿತ್ತು ಎಂಬುದು ಸ್ವಾರಸ್ಯದ ಸಂಗತಿ. ಚಿತ್ರ ಇನ್ನೂ ಅರೆಬರೆ ಇದ್ದಾಗ, ಆ ದೃಶ್ಯಕ್ಕೆ ಬಣ್ಣ ಬೀಳುವ ಮುಂಚೆ, ಮಕ್ಕಳಿಗೆ ಒಂದು ಪ್ರದರ್ಶನ ಹಾಕಿದರು. ಈ ಹಾಡು ಬಂದಾಗ ಮಕ್ಕಳು ಕೂತಲ್ಲಿ ಕೂರದೆ ಮಿಸುಕಾಡಿದವು, ಪಾಪ್‌ಕಾರ್ನ್ ಚೆಲ್ಲಿತು. ಸ್ಟುಡಿಯೋದ ಮುಖ್ಯಸ್ಥ ಜೆಫ್ರಿ ಕಾಟ್ಜನ್‌ಬರ್ಗ್ ಹಾಡು ತೆಗೆಯಿರಿ ಎಂದ. ಆಶ್ಮನ್ ಜಪ್ಪಯ್ಯ ಅನ್ನಲಿಲ್ಲ. ಏರಿಯಲ್‌ಳ ಚಿತ್ರ ಬರೆಯುತ್ತಿದ್ದ ಗ್ಲೆನ್ ಕೀನ್ ಕೂಡ ಉಳಿಸಿಕೊಳ್ಳಿ ಎಂದು ಗೋಗರೆದ. ಬಣ್ಣ ತುಂಬಿ ಮತ್ತೆ ತೋರಿಸಿದಾಗ ಮಕ್ಕಳು ಸುಮ್ಮನೆ ಕೂತು ನೋಡಿದವು. ಹಾಡು ಉಳಿಯಿತು. 1939ರ 'ವಿಜರ್ಡ್ ಆಫ್ ಆಜ್' ಚಿತ್ರದಲ್ಲೂ ಕಾಮನಬಿಲ್ಲಿನ ಹಾಡಿಗೆ ಇದೇ ಗತಿ ಬರುವುದರಲ್ಲಿತ್ತು. ಹುಡುಗಿಯೊಬ್ಬಳು ನಿಂತು ತನಗೇನು ಬೇಕು ಅಂತ ಹೇಳಿದರೆ ಕಥೆ ನಿಧಾನವಾಗುತ್ತದೆ ಎಂದು ದೊಡ್ಡವರಿಗೆ ಯಾವಾಗಲೂ ಅನಿಸುತ್ತದೇನೋ. ಆ ಹಾಡು ಹೋಗಿದ್ದರೆ ನಮ್ಮ ಉಡುಪಿಯ ಗೆಳತಿ ಹೇಳಿದ್ದು ನೂರಕ್ಕೆ ನೂರು ನಿಜವಾಗುತ್ತಿತ್ತು.

ಮೂರನೆಯ ಪಕ್ಷ ಎಂ.ಎ. ಓದುವ ನಮ್ಮ ಹಿರಿಯ ಗೆಳೆಯರದು. ಅವರಿಗೆ ಮೂಲ ಕಥೆಯ ಹೊರತು ಬೇರೇನೂ ಬೇಡ. "ಡಿಸ್ನಿಯವರು ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್‌ನ ಹೊಟ್ಟೆಗೆ ಚೂರಿ ಹಾಕಿದ್ದಾರೆ" ಎಂದರು. ಆಂಡರ್ಸನ್ 1837ರಲ್ಲಿ ಡೆನ್ಮಾರ್ಕಿನಲ್ಲಿ ಬರೆದ ಕಥೆಯನ್ನು ಓದಿದವರಿಗೆ ಈ ಸಿಟ್ಟು ಅರ್ಥವಾಗುತ್ತದೆ. ಅಲ್ಲಿ ಮಾಟಗಾತಿ ಹುಡುಗಿಯ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾಳೆ. ಕಾಲು ಬರುತ್ತದೆ, ಆದರೆ ಒಂದೊಂದು ಹೆಜ್ಜೆಯೂ ಹರಿತ ಚೂರಿಯ ಮೇಲೆ ಇಟ್ಟಂತೆ. ರಾಜಕುಮಾರ ಅವಳನ್ನು ಮುದ್ದಿನ ಪ್ರಾಣಿಯಂತೆ ತನ್ನ ಬಾಗಿಲ ಹೊರಗೆ ಮಕಮಲ್ಲಿನ ದಿಂಬಿನ ಮೇಲೆ ಮಲಗಿಸುತ್ತಾನೆ; ಮದುವೆಯಾಗುವುದು ಬೇರೊಬ್ಬಳನ್ನು. ಅಕ್ಕಂದಿರು ತಮ್ಮ ಕೂದಲು ಕೊಟ್ಟು ಮಾಟಗಾತಿಯಿಂದ ಚೂರಿ ತರುತ್ತಾರೆ: ಅವನನ್ನು ಕೊಲ್ಲು, ಮತ್ತೆ ಮೀನಾಗುತ್ತೀ. ಅವಳು ಚೂರಿಯನ್ನು ಸಮುದ್ರಕ್ಕೆ ಎಸೆದು ತಾನು ನೊರೆಯಾಗುತ್ತಾಳೆ. ಅಲ್ಲದೆ ಅವಳಿಗೆ ಬೇಕಿದ್ದದ್ದು ಬರೀ ಗಂಡನಲ್ಲ. ಮೀನುಜನಕ್ಕೆ ಮುನ್ನೂರು ವರ್ಷ ಆಯುಷ್ಯ ಉಂಟು, ಮನುಷ್ಯರಿಗಿರುವ ಅಮರ ಆತ್ಮ ಇಲ್ಲ. ಅದಕ್ಕಾಗಿ ಅವಳ ಈ ಒದ್ದಾಟ.

ಹಾಗಂತ ಆಂಡರ್ಸನ್‌ನನ್ನು ತಲೆಯ ಮೇಲೆ ಹೊತ್ತು ಕುಣಿಯುವುದೂ ಬೇಡ. ಅವನ ಕೊನೆಯ ಪುಟದಲ್ಲಿ ನೊರೆಯಾದವಳು ಗಾಳಿಯ ಮಗಳಾಗಿ ಮುನ್ನೂರು ವರ್ಷ ಒಳ್ಳೆಯ ಕೆಲಸ ಮಾಡಬೇಕು. ಒಳ್ಳೆಯ ಮಗು ಕಂಡರೆ ಆ ಅವಧಿ ಕಮ್ಮಿಯಾಗುತ್ತದೆ, ತುಂಟ ಮಗುವಿಗಾಗಿ ಅತ್ತರೆ ಒಂದೊಂದು ಹನಿಗೂ ಒಂದೊಂದು ದಿನ ಜಾಸ್ತಿಯಾಗುತ್ತದೆ. 'ಮೇರಿ ಪಾಪಿನ್ಸ್' ಬರೆದ ಪಿ. ಎಲ್. ಟ್ರಾವರ್ಸ್ ಇದನ್ನು ಓದಿ, ಇದು ಮಕ್ಕಳನ್ನು ಬೆದರಿಸಿ ವಸೂಲಿ ಮಾಡುವ ಕೆಲಸ ಎಂದು ಆಂಡರ್ಸನ್‌ನನ್ನೇ ಛೇಡಿಸಿದ್ದಳು. ಅಂದರೆ ಈ ಹುಡುಗಿಯ ಕಥೆ ಹೇಗೆ ಮುಗಿಯಬೇಕು ಎಂಬ ಜಗಳ ಡಿಸ್ನಿಯಿಂದ ಶುರುವಾದದ್ದಲ್ಲ.

ನಡುವೆ ವಿಜಾಪುರದವನೇ ಒಂದು ತಕರಾರು ಎತ್ತಿದ. ಏರಿಯಲ್ ಕರಾರಿಗೆ ಸಹಿ ಹಾಕುತ್ತಾಳೆ. "ಸಹಿ ಮಾಡ್ಲಿಕ್ಕೆ ಬರ್ತದ, ಆ ರಾಜಕುಮಾರಗ ಒಂದು ಚೀಟಿ ಬರೀಲಿಕ್ಕೆ ಬರಂಗಿಲ್ಲೇನು? ನಿನ್ನ ಉಳಿಸಿದಾಕಿ ನಾನ ಅಂತ ಬರೆದು ಕೊಟ್ಟಿದ್ರ ಪಿಕ್ಚರ್ ಅರ್ಧ ತಾಸಿನಾಗ ಮುಗೀತಿತ್ತು!" ಎಲ್ಲರೂ ನಕ್ಕರು. ಜಗತ್ತಿನ ನಾನಾ ಕಡೆ ಈ ಚಿತ್ರ ನೋಡಿದವರು ಇದೇ ಪ್ರಶ್ನೆ ಕೇಳಿದ್ದಾರೆ. ನಾನು ಮಾತ್ರ ನಗಲಿಲ್ಲ. ನಮ್ಮಜ್ಜಿಗೆ ಗದಗದ ಕಡೆ ಹಳ್ಳಿಯಲ್ಲಿ ಸಹಿ ಮಾಡಲು ಬರುತ್ತಿತ್ತು. ಸಾಲದ ಕಾಗದವಿರಲಿ, ಹೊಲದ ಕಾಗದವಿರಲಿ, ನಾಲ್ಕು ಅಕ್ಷರವನ್ನು ರಂಗೋಲಿ ಹಾಕಿದ ಹಾಗೆ ಹಾಕುತ್ತಿದ್ದಳು, ಒಂದು ಕೊಂಬೂ ತಪ್ಪದೆ. ಆ ನಾಲ್ಕು ಅಕ್ಷರದ ಮೇಲೆ ಏನು ಬರೆದಿದೆ ಎಂದು ಅವಳಿಗೆ ಒಂದು ದಿನವೂ ಗೊತ್ತಿರಲಿಲ್ಲ. ಸಹಿ ಬರುವುದಕ್ಕೂ ಬರೆಯಲು ಬರುವುದಕ್ಕೂ ನಡುವೆ ಒಂದು ಸಮುದ್ರವೇ ಇದೆ. ನಮ್ಮಲ್ಲಿ ಎಷ್ಟೋ ಕಾಗದಗಳು ಹೀಗೆ ಸಹಿಯಾಗಿವೆ. ಡಿಸ್ನಿಯವರು ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ ಬಿಡಿ.

ಮಾಟಗಾತಿ ಊರ್ಸುಲಾ ವಿಷಯಕ್ಕೆ ಬಂದಾಗ ಮಾತ್ರ ಆರೂ ಜನ ಒಂದಾದೆವು. ಎಂಥ ಹೆಂಗಸು! ಆ ಮೈ, ಆ ನಗು, ಪ್ಯಾಟ್ ಕ್ಯಾರಲ್ ಎಂಬಾಕೆಯ ಆ ಗಂಟಲು! ಬಾಲ್ಟಿಮೋರಿನಲ್ಲಿ ಹುಟ್ಟಿ ಹೆಣ್ಣು ವೇಷದಿಂದ ಹೆಸರು ಮಾಡಿದ್ದ ಡಿವೈನ್ ಎಂಬ ನಟನನ್ನು ನೋಡಿ ಅವಳ ರೂಪ ಬರೆದರಂತೆ. ಇದು ತಿಳಿದಾಗ ಉಡುಪಿಯ ಗೆಳತಿ ಕುಣಿದಳು. "ನಾನು ಆಗಲೇ ಹೇಳ್ಬೇಕು ಅಂತಿದ್ದೆ, ಇದು ಹೆಣ್ಣುಬಣ್ಣ!" ಯಕ್ಷಗಾನದಲ್ಲಿ ಶೂರ್ಪನಖಿ, ಪೂತನಿಯಂಥ ರಾಕ್ಷಸಿಯ ವೇಷಕ್ಕೆ ಹಾಗೆನ್ನುತ್ತಾರೆ, ಗಂಡಸರೇ ಕಟ್ಟುವ ವೇಷ, ಅಬ್ಬರದ ಪ್ರವೇಶ, ಹಾಸ್ಯ ಹೆದರಿಕೆ ಎರಡೂ. ಬಾಲ್ಟಿಮೋರಿಗೂ ಬಡಗುತಿಟ್ಟಿಗೂ ಸಂಬಂಧವೇನೂ ಇಲ್ಲ, ಆದರೆ ಅವಳು ಕಂಡದ್ದು ಸುಳ್ಳಲ್ಲ.

ಕರಾರಿನ ಮುಂಚೆ ಊರ್ಸುಲಾ ಹಾಡೊಂದನ್ನು ಹಾಡುತ್ತಾಳೆ. ಮೇಲಿನ ಗಂಡಸರಿಗೆ ಮಾತಾಡುವ ಹೆಣ್ಣು ಬೇಡ, ಬಾಯಿ ಮುಚ್ಚಿಕೊಂಡವಳೇ ಬೇಕು, ದನಿ ಇಲ್ಲದಿದ್ದರೆ ನಿನಗೇನೂ ನಷ್ಟವಿಲ್ಲ ಎಂಬ ಅರ್ಥದ ಸಾಲುಗಳು ಅದರಲ್ಲಿವೆ. 2023ರ ಹೊಸ ಚಿತ್ರದಲ್ಲಿ ಆ ಸಾಲುಗಳನ್ನು ಕಿತ್ತುಹಾಕಿದರು. ಹುಡುಗಿಯರು ಅದನ್ನು ಕೇಳಿ ತಪ್ಪು ತಿಳಿದಾರು ಎಂಬುದು ಕಾರಣ. ಇದು ನನಗೆ ಒಪ್ಪಿಗೆಯಿಲ್ಲ. ಮಂಥರೆಯ ಬಾಯಿಂದ ದುರ್ಬೋಧನೆ ತೆಗೆದರೆ ರಾಮಾಯಣ ಅಯೋಧ್ಯೆಯ ಗಡಿ ದಾಟುತ್ತದೆಯೆ? ಆ ಮಾತು ಸುಳ್ಳು, ಅದನ್ನು ಹೇಳುವವಳು ಮೋಸಗಾತಿ. ಅದು ಸುಳ್ಳೆಂದು ತೋರಿಸಲಿಕ್ಕೇ ಮುಂದಿನ ಕಥೆ ಇರುವುದು. ಹೇಗೆಂದರೆ, ಆಂಡರ್ಸನ್‌ನ ರಾಜಕುಮಾರ ತನ್ನನ್ನು ಉಳಿಸಿದವಳ ದನಿ ಕೇಳಿದವನಲ್ಲ. ಡಿಸ್ನಿಯ ಎರಿಕ್ ಕೇಳಿದ್ದಾನೆ. ದಡದಲ್ಲಿ ಎಚ್ಚರವಾಗುವಾಗ ಅವನ ಕಿವಿಗೆ ಬಿದ್ದದ್ದು ಆ ದನಿ, ಅವನು ಊರೆಲ್ಲ ಹುಡುಕುವುದು ಆ ದನಿಯನ್ನೇ. ಅವಳು ಕಾಲು ಪಡೆದು ಎದುರಿಗೇ ಬಂದು ನಿಂತರೂ ಅವನಿಗೆ ಗುರುತು ಹತ್ತುವುದಿಲ್ಲ. ದನಿ ಇಲ್ಲವಲ್ಲ! ಯಾವುದನ್ನು ಮಾರಿ ಬಂದಳೋ ಅದರಿಂದಲೇ ಅವಳನ್ನು ಗುರುತಿಸಬೇಕಿತ್ತು. ಈ ಒಂದು ಬದಲಾವಣೆಯಲ್ಲಿ ಡಿಸ್ನಿಯವರು ಆಂಡರ್ಸನ್‌ನನ್ನೂ ಮೀರಿದರು ಎಂದು ನನ್ನ ಅಭಿಪ್ರಾಯ. ಎಂ.ಎ. ಗೆಳೆಯರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬಾರದು.

ಈ ಹಾಡುಗಳನ್ನು ಬರೆದ ಆಶ್ಮನ್ ಕೂಡ ಬಾಲ್ಟಿಮೋರಿನವನೇ. ಈ ಚಿತ್ರ ತಯಾರಾಗುತ್ತಿದ್ದಾಗಲೇ ಅವನಿಗೆ ಏಡ್ಸ್ ಇರುವುದು ಗೊತ್ತಾಗಿತ್ತು. ಆ ದಿನಗಳಲ್ಲಿ ಅದನ್ನು ಹೊರಗೆ ಆಡುವಂತಿರಲಿಲ್ಲ. ಜೊತೆಗೆ ಕೂತು ರಾಗ ಹಾಕುತ್ತಿದ್ದ ಮೆಂಕನ್‌ಗೆ ಕೂಡ ಹೇಳಿದ್ದು 1990ರಲ್ಲಿ ಆಸ್ಕರ್ ಸಮಾರಂಭ ಮುಗಿದ ಮೇಲೆ. ಅಲ್ಲಿ ಈ ಚಿತ್ರದ ಸಂಗೀತಕ್ಕೊಂದು, ಏಡಿ ಹಾಡುವ ಹಾಡಿಗೊಂದು ಪ್ರಶಸ್ತಿ ಬಂದಿದ್ದವು. 1991ರ ಮಾರ್ಚಿನಲ್ಲಿ, ನಲವತ್ತರ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನ ಬದುಕನ್ನು ತಂದು ಹಾಡಿಗೆ ಅಂಟಿಸುವುದು ಸರಿಯಲ್ಲ ಅಂತ ನಮ್ಮ ವಿಮರ್ಶೆಯ ಮೇಷ್ಟ್ರು ಹೇಳುತ್ತಾರೆ. ಇರಬಹುದು. ನಾನಂತೂ ಅದನ್ನು ತಿಳಿದ ಮೇಲೆ ಆ ಕರಾರಿನ ದೃಶ್ಯವನ್ನು ಮೊದಲಿನ ಹಾಗೆ ನೋಡಲಾರೆ.

ಈಗ ಅವ್ವನ ಮಾತು. ಗಿರ್ಮಿಟ್ಟು, ಮಿರ್ಚಿ ಭಜಿ ತಂದಿಟ್ಟು ಬಾಗಿಲ ಹತ್ತಿರವೇ ನೆಲಕ್ಕೆ ಕೂತಿದ್ದಳು. ಇಂಗ್ಲಿಷ್ ಅವಳಿಗೆ ಬಾರದು. ಬೊಂಬೆಯಾಟ ನೋಡಿದ ಹಾಗೆ ನೋಡಿದ್ದಳು. ನಮ್ಮ ಗದ್ದಲ ಸ್ವಲ್ಪ ತಗ್ಗಿದಾಗ ಕೇಳಿದಳು: "ಎಲ್ಲಾ ಛಲೋ ಆತು. ಇನ್ನ ಆಕಿ ಅಲ್ಲಿ ಯಾರ ಜೋಡಿ ಮಾತಾಡಬೇಕು?"

ಉಡುಪಿಯ ಗೆಳತಿ ಬಿಡಿಸಿ ಹೇಳಿದಳು: "ಇಲ್ಲ ಅಮ್ಮ, ಅವಳಿಗೆ ಸ್ವರ ವಾಪಸ್ ಬಂತಲ್ಲ."

"ದನಿ ಬಂತು, ಖರೆ. ಆದ್ರ ದನಿ ಬ್ಯಾರೆ, ಮಾತು ಬ್ಯಾರೆ ಅಲ್ಲೇನವಾ? ಆಕಿ ಅಕ್ಕತಂಗೇರೆಲ್ಲ ನೀರಾಗ ಉಳದ್ರು. ತವರಿನ ಮಾತು ಇಲ್ಲಿ ಯಾರಿಗೆ ತಿಳೀಬೇಕು?" ಎಂದು ಖಾಲಿಯಾದ ತಾಟು ಎತ್ತಿಕೊಂಡು ಒಳಗೆ ಹೋದಳು.

ಅವ್ವ ಮದುವೆಯಾಗಿ ಗದಗದಿಂದ ಡೊಂಬಿವಲಿಗೆ ಬಂದದ್ದು 1998ರಲ್ಲಿ. ಬಂದ ಹೊಸತರಲ್ಲಿ ಮರಾಠಿ ಒಂದಕ್ಷರ ಬಾರದು, ಹಿಂದಿ ಅಷ್ಟಕ್ಕಷ್ಟೆ. ಕಾಯಿಪಲ್ಲೆ ಮಂಡಿಯಲ್ಲಿ ಬೆರಳು ತೋರಿಸಿ ಕೊಳ್ಳುತ್ತಿದ್ದಳು. ಎಷ್ಟು ಎಂದರೆ ಬೆರಳೇ, ಬೇಡ ಎಂದರೆ ಕೈಯೇ. ಕೆಳಗಿನ ಕಿರಾಣಿ ಅಂಗಡಿಯವನು ಒಂದು ದಿನ ಅಪ್ಪನನ್ನು ಕರೆದು ನಿಮ್ಮ ಹೆಂಡತಿ ಮೂಕಿಯೇ ಎಂದು ಕೇಳಿದನಂತೆ. ಅಪ್ಪ ಇದನ್ನು ದೊಡ್ಡ ಜೋಕು ಎಂಬಂತೆ ಹೇಳುತ್ತಿದ್ದರು, ನಾವೂ ನಗುತ್ತಿದ್ದೆವು, ಅವ್ವನೂ ನಗುತ್ತಿದ್ದಳು. ಮನೆಯೊಳಗೆ ಬೀಸುವ ಕಲ್ಲಿನ ಪದದಿಂದ ಹಿಡಿದು ಬೈಗುಳದವರೆಗೆ ಎಲ್ಲವೂ ಬಾಯಿಪಾಠವಿದ್ದ ಹೆಂಗಸು ಅವಳು.

ಅಷ್ಟೇ ಆಗಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಡೊಂಬಿವಲಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಜನಜಂಗುಳಿಯ ಆಚೆಯಿಂದ ಅವ್ವ ನನ್ನನ್ನು ಕೂಗಿ ಕರೆದಳು. ತನ್ನ ಊರಿನ ದನಿಯಲ್ಲಿ, ಹೊಲದ ಆ ಬದುವಿನಿಂದ ಈ ಬದುವಿಗೆ ಕರೆಯುವ ಹಾಗೆ. ನನ್ನ ಜೊತೆ ಶಾಲೆಯ ಹುಡುಗರಿದ್ದರು. ಅವರಲ್ಲೊಬ್ಬ ಅವಳ ಕೂಗನ್ನು ಅಣಕಿಸಿದ, ಉಳಿದವರು ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಹೇಳಿದೆ, ಇನ್ನು ಮೇಲೆ ಹೊರಗೆ ಕನ್ನಡದಲ್ಲಿ ಕೂಗಬೇಡ ಅಂತ. ಅವ್ವ ಯಾಕೆ ಎಂದು ಕೇಳಲಿಲ್ಲ. ಮುಂದೆ ನಾನು ಕಾಲೇಜು ಸೇರುವ ತನಕ ಸ್ಟೇಷನ್ನಿನಲ್ಲಿ ಅವಳು ನನ್ನನ್ನು ಕೈಸನ್ನೆಯಲ್ಲೇ ಕರೆದಳು. ಏರಿಯಲ್‌ಳ ಕರಾರು ಮೂರು ದಿನದ್ದು.

ಹೀಗಾಗಿ ಆ ಭಾನುವಾರದ ಜಗಳದಲ್ಲಿ ಅದುವರೆಗೆ ವಿಜಾಪುರದವನ ಪಕ್ಷ ವಹಿಸಿ ಚೆನ್ನಾಗಿ ಮಾತಾಡುತ್ತಿದ್ದ ನಾನು ಸುಮ್ಮನಾದೆ. ಗೆದ್ದೆ ಎಂದು ಅವನೂ, ನಾನು ಸೋತೆ ಎಂದು ಉಡುಪಿಯವಳೂ ತಿಳಿದಿರಬೇಕು. ಅದಲ್ಲ. ನಾವೆಲ್ಲ ಅವಳು ಯಾಕೆ ಕೊಟ್ಟಳು ಎಂಬುದರ ಮೇಲೆ ಹೊಡೆದಾಡುತ್ತಿದ್ದೆವು: ಹುಡುಗನಿಗಾಗಿಯೋ, ಲೋಕಕ್ಕಾಗಿಯೋ, ಆತ್ಮಕ್ಕಾಗಿಯೋ. ಕೊಟ್ಟದ್ದು ಹೇಗೆ ತಿರುಗಿ ಬಂತು ಎಂದು ಒಬ್ಬರೂ ಕೇಳಿರಲಿಲ್ಲ.

ಹೇಗೆ ಬಂತು, ಸ್ವಲ್ಪ ನೆನಪು ಮಾಡಿಕೊಳ್ಳಿ. ಮದುವೆಯ ಹಡಗಿಗೆ ಹಕ್ಕಿಗಳೂ ಸಮುದ್ರದ ಪ್ರಾಣಿಗಳೂ ನುಗ್ಗುತ್ತವೆ. ಕಡಲಹಕ್ಕಿಯೊಂದು ಮಾಟಗಾತಿಯ ಕೊರಳಿನ ಶಂಖವನ್ನು ಎಳೆಯುತ್ತದೆ. ಶಂಖ ಹಾರಿ ಬಂದು ಏರಿಯಲ್‌ಳ ಕಾಲ ಬುಡದಲ್ಲಿ ಒಡೆಯುತ್ತದೆ. ದನಿ ತಾನಾಗಿ ಗಂಟಲಿಗೆ ಸೇರುತ್ತದೆ. ಮಾಟಗಾತಿಯನ್ನು ಹಡಗಿನ ಮೂತಿಯಿಂದ ತಿವಿದು ಕೊಲ್ಲುವವನು ಎರಿಕ್. ಖಾಯಂ ಕಾಲು ದಯಪಾಲಿಸುವವನು ಅಪ್ಪ. ಅಂದರೆ ಮೊದಲರ್ಧದಲ್ಲಿ ಗುಹೆ ತುಂಬಿಸಿದವಳು, ಬಿರುಗಾಳಿಯಲ್ಲಿ ಈಜಿ ಜೀವ ಉಳಿಸಿದವಳು, ಕೆಟ್ಟದ್ದೋ ಒಳ್ಳೆಯದ್ದೋ ತಾನೇ ಸಹಿ ಹಾಕಿದವಳು, ಕೊನೆಯ ಹತ್ತು ನಿಮಿಷದಲ್ಲಿ ಪಡೆಯುವವಳು ಮಾತ್ರ. ಬೆಲೆ ಕಟ್ಟಿ ಕೊಂಡದ್ದನ್ನು ಪುಕ್ಕಟೆಯಾಗಿ ತಿರುಗಿ ಕೊಡುತ್ತಾರೆ, ರಸೀದಿಯನ್ನೂ ಹರಿದುಹಾಕುತ್ತಾರೆ. ಚಿತ್ರದ ನಿಜವಾದ ದೋಷ ಇದು ಎನ್ನುತ್ತೇನೆ ನಾನು. ಸುಖಾಂತವಾದದ್ದು ತಪ್ಪಲ್ಲ, ಸುಖಾಂತ ಇಷ್ಟು ಅಗ್ಗವಾದದ್ದು ತಪ್ಪು. ಇದು ಆ ಕಂಪನಿಯವರಿಗೂ ಚುಚ್ಚಿರಬೇಕು. 2023ರ ಚಿತ್ರದಲ್ಲಿ ಹಡಗಿನ ಚುಕ್ಕಾಣಿ ಹಿಡಿದು ಮಾಟಗಾತಿಗೆ ನುಗ್ಗಿಸುವವಳು ಏರಿಯಲ್ಲೇ. ಆ ಒಂದು ತಿದ್ದುಪಡಿಗೆ ನನ್ನ ಪೂರ್ತಿ ಬೆಂಬಲವಿದೆ. (ಹೊಸ ಚಿತ್ರದ ನಾಯಕಿ ಹ್ಯಾಲಿ ಬೇಲಿ ಕಪ್ಪು ಹುಡುಗಿ ಎಂದು 2022ರಲ್ಲಿ ಎದ್ದ ಗಲಾಟೆಯ ಬಗ್ಗೆ ಇಲ್ಲಿ ಮಾತು ಖರ್ಚು ಮಾಡುವುದಿಲ್ಲ. ಮೀನಿನ ಬಾಲ ನಂಬಿದವರಿಗೆ ಚರ್ಮದ ಬಣ್ಣ ನಂಬಲಾಗಲಿಲ್ಲ, ಅಷ್ಟೆ.)

ಆದರೆ ಅವ್ವನ ಪ್ರಶ್ನೆಗೆ ಹೊಸ ಚಿತ್ರದಲ್ಲೂ ಉತ್ತರವಿಲ್ಲ, ಹಳೆಯದರಲ್ಲೂ ಇಲ್ಲ. ಆಂಡರ್ಸನ್ ಮಾತ್ರ ಅದರ ಹತ್ತಿರ ಹೋಗಿದ್ದ. ಅವನ ಹುಡುಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಅರಮನೆಯ ಮೆಟ್ಟಿಲಿಳಿದು, ಉರಿಯುವ ಪಾದಗಳನ್ನು ಸಮುದ್ರದ ತಣ್ಣೀರಿನಲ್ಲಿ ಇಟ್ಟುಕೊಂಡು ನಿಲ್ಲುತ್ತಾಳೆ. ಅಕ್ಕಂದಿರು ಕೈಗೆ ಕೈ ಹಿಡಿದು ಹಾಡುತ್ತ ಬರುತ್ತಾರೆ. ಒಂದು ಸಲ ಬಹು ದೂರದಲ್ಲಿ ಮುದಿ ಅಜ್ಜಿಯೂ ನೀರಿನಿಂದ ತಲೆ ಎತ್ತುತ್ತಾಳೆ, ದಡದ ಹತ್ತಿರ ಬರುವ ಧೈರ್ಯವಿಲ್ಲ. ಅವರು ಹಾಡುತ್ತಾರೆ, ಇವಳು ಕೈ ಬೀಸುತ್ತಾಳೆ. ಕಾರ್ಟೂನಿನವರು ಈ ದೃಶ್ಯವನ್ನು ಬಿಟ್ಟೇಬಿಟ್ಟರು. ಅವರ ಆ ನೀಲಿ ಬಣ್ಣದಲ್ಲಿ ಬರೆದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿದ್ದೇನೆ. ಮಕ್ಕಳು ಮಿಸುಕಾಡುತ್ತಿದ್ದವೋ ಏನೋ.

ಆ ರಾತ್ರಿ ಎಲ್ಲರನ್ನೂ ಸ್ಟೇಷನ್ನಿಗೆ ಬಿಡಲು ಹೋದಾಗ ಅವ್ವನೂ ಬಂದಿದ್ದಳು, ಹೂ ಕೊಳ್ಳುವುದಿತ್ತು. ಪ್ಲಾಟ್‌ಫಾರ್ಮಿನ ಆಚೆ ತುದಿಯಲ್ಲಿ ನಿಂತವಳನ್ನು ನಾನೇ ಕನ್ನಡದಲ್ಲಿ ಕೂಗಿ ಕರೆದೆ, ಸ್ವಲ್ಪ ಜೋರಾಗಿಯೇ. ಅವಳು ತಿರುಗಿ ನೋಡಿ, ಏನೋ ಅನಾಹುತ ಆಗಿದೆಯೆಂದು ಗಾಬರಿಯಿಂದ ಓಡಿಬಂದಳು. ಏನಿಲ್ಲ ಅಂದೆ. ಬೈದಳು.

ಉಡುಪಿಯ ಗೆಳತಿ ತನ್ನ ನಿಲುವನ್ನು ಬದಲಿಸಿಲ್ಲ. ಈ ಲೇಖನದ ಕರಡು ಓದಿ, "ನೀನು ಎಂತ ಬರೆದ್ರೂ ನಾನು ತಂಗಿಗೆ ತೋರಿಸ್ಲಿಕ್ಕಿಲ್ಲ" ಎಂದಳು. ಹೋದ ವಾರ ಊರಿಗೆ ಫೋನು ಮಾಡಿದಾಗ ತಿಳಿಯಿತಂತೆ: ತಂಗಿ ಅದನ್ನು ಪಕ್ಕದ ಮನೆಯಲ್ಲಿ ಯಾವತ್ತೋ ನೋಡಿ ಆಗಿದೆ, ಒಂದಲ್ಲ ಮೂರು ಸಲ. ರಾಜಕುಮಾರ ಅವಳಿಗೆ ಸರಿಯಾಗಿ ನೆನಪೇ ಇಲ್ಲ. ಅಡುಗೆಯವನ ಕೈಯಿಂದ ಏಡಿ ತಪ್ಪಿಸಿಕೊಳ್ಳುವುದು ಮಾತ್ರ ಚೆನ್ನಾಗಿದೆಯಂತೆ.